ಹಿಂದಿನಿಂದ ಹಿಡಿಯುವವನು

"ಮೇಸ್ತ್ರಿ, ಆಕ್ಸಿಲರೇಟರಿನಿಂದ ಕಾಲು ತೆಗೆದರೆ ತಾನಾಗಿ ನಿಧಾನವಾಗುವ ಕಾರಿಗೆ ಬ್ರೇಕ್ ಅಷ್ಟೊಂದು ಗಟ್ಟಿಯಾಗಿರಬೇಕಾ?"

ಕೇಳಿದವನು ನನ್ನ ಶಿಷ್ಯ ತಿಪ್ಪೇಶ. ಘಟ್ಟದ ನೆತ್ತಿಯ ಮೇಲಿರುವ ನನ್ನ ಗ್ಯಾರೇಜಿನಲ್ಲಿ ಮೂರು ವರ್ಷದಿಂದ ಕೆಲಸ ಕಲಿಯುತ್ತಿದ್ದಾನೆ. ಅವನ ಮುಂದೆ ನರ್ಸ್ ಫಿಲೋಮಿನಮ್ಮನ ಕರೆಂಟ್ ಕಾರು ನಿಂತಿತ್ತು. ಬ್ರೇಕ್ ಮೆತ್ತಗಾಗಿದೆ ಎಂದು ತಂದಿದ್ದರು. ಘಟ್ಟದ ಕೆಳಗೆ ಅವರ ತಂಗಿಗೆ ದಿನ ತುಂಬಿತ್ತು. ಸಂಜೆಯೊಳಗೆ ಅವರು ಅಲ್ಲಿಗೆ ಮುಟ್ಟಬೇಕು.

"ಪೆಡಲ್ ಮೊದಲ ಸಲ ಒಳಗೆ ಹೋಗುತ್ತದೆ. ಎರಡು ಮೂರು ಸಲ ಒತ್ತಿದರೆ ಗಟ್ಟಿಯಾಗುತ್ತದೆ," ಎಂದ ತಿಪ್ಪೇಶ. "ಚಾರ್ಜನ್ನೂ ಪೂರ್ತಿ ತುಂಬಿಸಿದ್ದೇನೆ. ಕೊಟ್ಟು ಕಳಿಸಲಾ?"

"ಲೋ ತಿಪ್ಪೇಶ," ಎಂದೆ. "ಪ್ರಾಯದಲ್ಲಿ ನಾನು ಪೆಡಲಿನ ಮೇಲೆ ಹೆಬ್ಬೆರಳಿಟ್ಟರೆ ಸಾಕು, ಯಾವ ಗಾಲಿಯ ಪೈಪಿಗೆ ಗಾಳಿ ಸೇರಿದೆ ಎಂದು ಹೇಳುತ್ತಿದ್ದೆ. ನನ್ನ ಗುರುಗಳೇ ಅದನ್ನು ಪರೀಕ್ಷಿಸಿ ನೋಡಿ ನನ್ನ ಕಾಲಿಗೆ ಬಿದ್ದರು. ಅವರು ತೀರಿಕೊಂಡು ಇಪ್ಪತ್ತು ವರ್ಷವಾಯಿತು."

"ಕಾಲು ಜಾರಿ ಬಿದ್ದಿರಬೇಕು, ಪಾಪ," ಎಂದರು ಬೆಂಚಿನ ಮೇಲೆ ಕುಳಿತ ನರ್ಸಮ್ಮ. "ಬೇಗ ಮುಗಿಸಿ ಮೇಸ್ತ್ರಿ. ನಾನು ಹೋಗುವಷ್ಟರಲ್ಲಿ ಮಗು ಅಂಬೆಗಾಲಿಡುತ್ತದೆ."

ನಾನು ಕತೆ ಹೇಳಿದೆ.

ಒಬ್ಬ ವ್ಯಾಪಾರಿ ಇದ್ದ. ಅವನ ಮನೆ ಘಟ್ಟದ ಕೆಳಗೆ, ಅಂಗಡಿ ಮೇಲೆ. ಬೆಳಿಗ್ಗೆ ಹತ್ತಿ ಬರುವನು, ವ್ಯಾಪಾರ ಮುಗಿಸಿ ಇಳಿದು ಹೋಗುವನು. ಹೀಗಿರುವಾಗ ಅವನು ಒಂದು ಕರೆಂಟ್ ಕಾರು ಕೊಂಡ.

ಇಳಿಜಾರಿನಲ್ಲಿ ಕಾಲು ತೆಗೆದರೆ ಆ ಕಾರು ತಾನೇ ನಿಧಾನವಾಗುತ್ತಿತ್ತು. ಗಾಲಿಯ ಓಟವನ್ನು ಬ್ಯಾಟರಿ ಎಳೆದು ಕುಡಿಯುತ್ತದೆ, ಕುಡಿದಷ್ಟೂ ಓಟ ತಗ್ಗುತ್ತದೆ. ವ್ಯಾಪಾರಿಗೆ ಇದು ತಿಳಿಯದು. ಯಾರೋ ಹಿಂದಿನಿಂದ ಕಾರನ್ನು ಹಿಡಿದುಕೊಂಡ ಹಾಗೆ ಅವನಿಗೆ ಅನಿಸಿತು. ಮೊದಲ ದಿನ ಹೆದರಿದ. ಒಂದು ತಿಂಗಳಿಗೆ ರೂಢಿಯಾಯಿತು. ಆಮೇಲೆ ಅದನ್ನು ಮಾತಾಡಿಸತೊಡಗಿದ. ತಿರುವು ಬಂದರೆ "ಹಿಡಿಯಪ್ಪಾ" ಎನ್ನುವನು. ಕಾರು ತಗ್ಗುವುದು. "ಸಾಕು, ಬಿಡು" ಎನ್ನುವನು. ಕಾರು ಓಡುವುದು.

ಮೂರು ವರ್ಷ ಅವನ ಕಾಲು ಬ್ರೇಕಿನ ಮೇಲೆ ಜೋರಾಗಿ ಬೀಳಲಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಕುಡಿಯಿತು. ಡಿಸ್ಕಿಗೆ ತುಕ್ಕು ಹಿಡಿಯಿತು. ಆಯಿಲ್ ಹರಿಯುವ ಒಂದು ರಬ್ಬರ್ ಹೋಸ್ ಸಣ್ಣಗೆ ಒಸರಿತು. ಬ್ರೇಕಿಗೆ ಯಾರೂ ಕೆಲಸ ಕೊಡಲಿಲ್ಲ. ಹಾಗಾಗಿ ಅದು ಸತ್ತದ್ದು ಯಾರಿಗೂ ತಿಳಿಯಲಿಲ್ಲ.

ಒಂದು ಸಲ ಅವನು ಮೇಲಿನ ಊರಿನ ನೆಂಟರ ಮನೆಯಲ್ಲಿ ಉಳಿದ. ಬಂದವರಿಗೆ ಊಟ, ಬಂದವರ ಕಾರಿಗೆ ಕರೆಂಟು ಎಂಬುದು ಆ ಮನೆಯ ಮರ್ಯಾದೆ. ಅವನಿಗೂ ಹೊಟ್ಟೆ ಬಿರಿಯ ಬಡಿಸಿದರು, ಕಾರಿಗೂ ನೂರಕ್ಕೆ ನೂರು ತುಂಬಿಸಿದರು. ಮಧ್ಯಾಹ್ನ ಅವನು ಒಬ್ಬನೇ ಹೊರಟ. ಬಿಸಿಲಿತ್ತು. ರಸ್ತೆ ಖಾಲಿ ಇತ್ತು.

ಮೊದಲ ತಿರುವಿನಲ್ಲಿ ಕಾಲು ತೆಗೆದು "ಹಿಡಿಯಪ್ಪಾ" ಎಂದ. ಕಾರು ತಗ್ಗಲಿಲ್ಲ. ಇನ್ನೊಮ್ಮೆ ಹೇಳಿದ. ಹಿಂದಿನ ಸೀಟಿನಲ್ಲಿ ಯಾರೋ ತೇಗಿದರು.

"ಇವತ್ತು ನನ್ನ ಹೊಟ್ಟೆ ತುಂಬಿದೆ," ಎಂದಿತು ದನಿ. "ನೀನೇ ಹಿಡಿ."

ವ್ಯಾಪಾರಿ ತಿರುಗಿ ನೋಡಲಿಲ್ಲ. ಬ್ರೇಕ್ ಒತ್ತಿದ. ನಾದಿದ ಹಿಟ್ಟಿನೊಳಗೆ ಹೋದ ಹಾಗೆ ಕಾಲು ಒಳಗೆ ಹೋಯಿತು. ಮತ್ತೆ ಮತ್ತೆ ಒತ್ತಿದ. ಪೆಡಲ್ ಗಟ್ಟಿಯಾಯಿತು, ಕಾರು ತಗ್ಗಿತು, ಅವನು ಉಸಿರು ಬಿಟ್ಟ. ಆಗ, ಒತ್ತಿ ಹಿಡಿದ ಕಾಲಿನ ಕೆಳಗೆ ಪೆಡಲ್ ತಾನಾಗಿ ಇಳಿಯತೊಡಗಿತು. ಬಹಳ ನಿಧಾನವಾಗಿ. ಅದನ್ನು ಕೆಳಗಿನಿಂದ ಆನಿಸಿ ಹಿಡಿದಿದ್ದವರು ಯಾರೋ ಒಂದೊಂದೇ ಹೆಜ್ಜೆ ಹಿಂದೆ ಸರಿದ ಹಾಗೆ.

ಕಾರು ಏಳನೆಯ ತಿರುವಿನಲ್ಲಿ ಸಿಕ್ಕಿತು. ಮಣ್ಣಿನ ದಿಬ್ಬಕ್ಕೆ ಮೂತಿ ಆನಿಸಿ ನಿಂತಿತ್ತು. ಒಂದು ಗೀರೂ ಇರಲಿಲ್ಲ. ನಾಲ್ಕೂ ಬಾಗಿಲು ಹಾಕಿದ್ದವು. ಸೀಟಿನ ಬೆಲ್ಟ್ ಬಿಗಿದಂತೆಯೇ ಇತ್ತು. ಬೆಲ್ಟಿನೊಳಗೆ ಯಾರೂ ಇರಲಿಲ್ಲ.

ಅದನ್ನು ನನ್ನಲ್ಲಿಗೆ ಎಳೆದು ತಂದರು. ತಂದವರು ಒಳಗೆ ಕಾಲಿಡಲಿಲ್ಲ. ನಾನು ಬಾಗಿಲು ಹಾಕಿಕೊಂಡು ಒಬ್ಬನೇ ಕೆಲಸಕ್ಕೆ ಇಳಿದೆ. ಒಸರುವ ಹೋಸ್ ಬದಲಿಸಿದೆ. ಡಿಸ್ಕಿನ ತುಕ್ಕು ಉಜ್ಜಿದೆ. ಕಷಾಯದ ಬಣ್ಣಕ್ಕೆ ತಿರುಗಿದ್ದ ಆಯಿಲ್ ಚೆಲ್ಲಿ ಹೊಸದು ಸುರಿದೆ. ಎಲ್ಲಕ್ಕಿಂತ ದೂರದ ಗಾಲಿಯಿಂದ ಶುರುಮಾಡಿ ಬ್ರೇಕ್ ಪೈಪಿಗೆ ಸೇರಿದ್ದ ಗಾಳಿ ತೆಗೆಯುತ್ತ ಬಂದೆ. ಕೊನೆಯ ಗಾಲಿಯ ಕೊನೆಯ ಗುಳ್ಳೆ ಒಡೆಯಿತು. ಅದರೊಳಗಿಂದ ಸಣ್ಣದಾಗಿ "ಹಿಡಿಯಪ್ಪಾ" ಎಂದು ಕೇಳಿತು. ಆಮೇಲೆ ಪೆಡಲ್ ಕಲ್ಲಾಯಿತು.

ಕತೆ ನಿಂತಿತು. ನರ್ಸಮ್ಮ ಬೆಂಚಿನಿಂದ ಎದ್ದರು. ಹೋಗಿ ತಮ್ಮ ಕಾರಿನ ಹಿಂದಿನ ಸೀಟನ್ನು ಬಗ್ಗಿ ನೋಡಿ ಬಂದು ಕುಳಿತರು.

"ಒತ್ತಿದರೆ ಗಟ್ಟಿಯಾಯಿತು ಅಂದರೆ ಒಳಗೆ ಗಾಳಿ ಇದೆ ಎಂದು ಅರ್ಥ," ಎಂದೆ ತಿಪ್ಪೇಶನಿಗೆ. "ಈಗ ಒತ್ತಿ ಹಿಡಿದು ಅರವತ್ತು ಎಣಿಸು."

ಅವನು ಎಣಿಸಿದ. ಇಪ್ಪತ್ತೆರಡಕ್ಕೆ ಪೆಡಲ್ ಇಳಿಯತೊಡಗಿತು. ಅವನು ಎಣಿಕೆ ಬಿಟ್ಟು ಕೆಳಗೆ ಇಳಿದ. ಹುಡುಕಿದರೆ, ಹಿಂದಿನ ಎಡಗಾಲಿಯ ಹೋಸ್ ಒದ್ದೆಯಾಗಿತ್ತು. ಬದಲಿಸಿದೆವು. ಹೊಸ ಆಯಿಲ್ ಸುರಿದೆವು.

"ಚಾರ್ಜು ತುಂಬಿದೆ ನರ್ಸಮ್ಮ, ತುಂಬಿದ ಬ್ಯಾಟರಿ ಓಟ ಕುಡಿಯುವುದಿಲ್ಲ," ಎಂದೆ. "ಘಟ್ಟ ಇಳಿಯುವ ಮೊದಲು ಊರೊಳಗೆ ನಾಲ್ಕು ಸುತ್ತು ಹಾಕಿ ಸ್ವಲ್ಪ ಖಾಲಿ ಮಾಡಿ. ಇಲ್ಲಿ ಪೈಪಿನ ಗಾಳಿ ತೆಗೆಯುವ ಕೆಲಸ ಇನ್ನು ಒಂದು ಗಂಟೆ, ಅಷ್ಟೇ."

ತಿಪ್ಪೇಶ ಸೀಟಿನಲ್ಲಿ ಕುಳಿತ. ನಾನು ಸ್ಪ್ಯಾನರ್ ಹಿಡಿದು ಹಿಂದಿನ ಗಾಲಿಯ ಪಕ್ಕ ಮಲಗಿದೆ.

"ಒತ್ತು."

"ಒತ್ತಿದೆ."

"ಗಾಳಿ ಬಿಡುವ ತಿರುಪನ್ನು ನಾನು ಮುಚ್ಚುವ ತನಕ ಬಿಡಬೇಡ."

"ಬಿಡಲ್ಲ. ಮೇಸ್ತ್ರಿ, ಒಂದು ಮಾತು." ಅವನ ದನಿಯಲ್ಲಿ ನಗು ಇತ್ತು. "ಈ ಕೆಲಸಕ್ಕೆ ಇಬ್ಬರು ಬೇಕೇ ಬೇಕು. ಬಾಗಿಲು ಹಾಕಿಕೊಂಡು ಒಬ್ಬರೇ ಇದ್ದಿರಿ ಅಂದಿರಿ. ನೀವು ಗಾಲಿಯ ಹತ್ತಿರ ಇದ್ದರೆ, ಒಳಗೆ ಕೂತು ಪೆಡಲ್ ಒತ್ತಿದ್ದು ಯಾರು?"

"ಸಿಕ್ಕಿಬಿದ್ದರು ನೋಡು!" ಎಂದು ನರ್ಸಮ್ಮ ನಕ್ಕರು.

ನಾನು ಮಲಗಿದಲ್ಲೇ ಭುಜ ಹಾರಿಸಿದೆ.

"ನಾನು ಎದ್ದು ನೋಡಲಿಲ್ಲ."

ತಿಪ್ಪೇಶ ಹಿಂದಿನ ಸೀಟಿನತ್ತ ಒಮ್ಮೆ ತಿರುಗಿ ನೋಡಿದ. ಪೆಡಲಿನಿಂದ ಕಾಲು ಮಾತ್ರ ತೆಗೆಯಲಿಲ್ಲ.