ಬಲಕ್ಕೆ ಸಿಕ್ಕಿಸಿದ ಲುಂಗಿ

"ಉಸ್ತಾದರೇ, ಪೇಟೆಯಲ್ಲಿ ಗಲಾಟೆಯಂತೆ. ಟೋಪಿ ತೆಗೆದಿಟ್ಟು ಹೋದರೆ ತಪ್ಪೇ?" ಎಂದು ಶಿಷ್ಯ ಮಯ್ಯದ್ದಿ ಕೇಳಿದ. ಟೋಪಿ ಆಗಲೇ ಅವನ ಕೈಯಲ್ಲಿತ್ತು.

ಉಸ್ತಾದರು ನಕ್ಕರು. "ತೆಗೆದಾದ ಮೇಲೆ ಅಪ್ಪಣೆ ಕೇಳುತ್ತೀಯಲ್ಲ ಮಾರಾಯ! ಕೂತುಕೋ, ಒಂದು ಕತೆ ಕೇಳಿ ಹೋಗು" ಎಂದು ಶುರು ಮಾಡಿದರು.

ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಹೊಳೆಯಾಚೆ ಅವನ ಊರು. ಒಂದು ದಿನ ಸಂತೆಯಲ್ಲಿ ಹೊಡೆದಾಟ ಎದ್ದಿತು. ನಮ್ಮವರನ್ನು ಹುಡುಕಿ ಹುಡುಕಿ ಹೊಡೆಯುತ್ತಿದ್ದಾರೆ ಎಂದು ಸುದ್ದಿ ಬಂತು. ವ್ಯಾಪಾರಿಗೆ ಜೀವ ಬಾಯಿಗೆ ಬಂತು. ಬಟ್ಟೆಯ ಗಂಟು ಅಲ್ಲೇ ಬಿಟ್ಟು ಹೊಳೆ ದಾಟುವ ಕಡವಿನತ್ತ ಓಡಿದ. ದಾರಿಯಲ್ಲಿ ಟೋಪಿ ಬಿಸಾಡಿದ. ಸೊಂಟದ ಅಗಲವಾದ ಹಸಿರು ಪಟ್ಟಿ ಬಿಚ್ಚಿ ಪೊದೆಗೆ ಎಸೆದ. ಆದರೂ ಧೈರ್ಯ ಬರಲಿಲ್ಲ. ಆ ಸೀಮೆಯಲ್ಲಿ ನಮ್ಮವರು ಲುಂಗಿಯ ತುದಿಯನ್ನು ಎಡಕ್ಕೆ ಸಿಕ್ಕಿಸುತ್ತಾರೆ, ಹಿಂದೂಗಳು ಬಲಕ್ಕೆ. ಮರದ ಮರೆಗೆ ಹೋಗಿ ಅದನ್ನೂ ಬಲಕ್ಕೆ ಸಿಕ್ಕಿಸಿದ. ನಲವತ್ತು ವರ್ಷದಿಂದ ಎಡಕ್ಕೇ ಹೋಗಿ ರೂಢಿಯಾದ ಕೈ, ಬಿಗಿ ಸಿಗಲಿಲ್ಲ. ಲುಂಗಿಯನ್ನು ಹಿಡಿದುಕೊಂಡೇ ನಡೆದ.

ಕಡವಿನಲ್ಲಿ ಅಂಬಿಗನಿಲ್ಲ. ಇದ್ದದ್ದು ಒಂದು ಹಳೇ ದೋಣಿ. ಅದರ ತಳ ಸೋರುತ್ತದೆಂದು ಊರಿಗೆಲ್ಲ ಗೊತ್ತು. ಒಬ್ಬ ಹುಟ್ಟು ಹಾಕಬೇಕು, ಇನ್ನೊಬ್ಬ ನೀರು ಮೊಗೆದು ಚೆಲ್ಲುತ್ತಿರಬೇಕು. ಒಬ್ಬನೇ ಹೋದರೆ ಮುಳುಗುವುದೇ ಸೈ. ದೋಣಿಯ ಹತ್ತಿರ ವಯಸ್ಸಾದ ಒಬ್ಬ ರೈತ ನಿಂತಿದ್ದ. ವ್ಯಾಪಾರಿ ಅವನ ಮುಖ ನೋಡಲಿಲ್ಲ, ಸೊಂಟ ನೋಡಿದ. ಬಲಕ್ಕೆ! ಸತ್ತೆ ಅಂದುಕೊಂಡ. ರೈತನೂ ಇವನ ಸೊಂಟ ನೋಡಿ ಎರಡು ಹೆಜ್ಜೆ ಹಿಂದೆ ಸರಿದ.

"ಆಚೆ ದಡಕ್ಕಾ?" ಎಂದ ರೈತ.

"ಇಲ್ಲಪ್ಪ, ಸುಮ್ಮನೆ ಬಂದೆ. ನೀವು ಹೋಗಿ" ಎಂದ ವ್ಯಾಪಾರಿ.

ರೈತ ಒಬ್ಬನೇ ದೋಣಿ ಹತ್ತಿದ. ಪೀಡೆ ತೊಲಗಿತು ಎಂದು ವ್ಯಾಪಾರಿ ಉಸಿರು ಬಿಟ್ಟ.

ದೋಣಿ ಇನ್ನೂ ದಡದಿಂದ ದೂರ ಹೋಗಿರಲಿಲ್ಲ. ಹುಟ್ಟು ಹಾಕುವ ಭರಕ್ಕೆ ರೈತನ ಲುಂಗಿ ಸಡಿಲವಾಯಿತು. ಅವನು ಎದ್ದು ನಿಂತು, ಕೈ ಹೋದ ಹಾಗೆ, ಸರಕ್ಕನೆ ಎಡಕ್ಕೆ ಸಿಕ್ಕಿಸಿದ.

ವ್ಯಾಪಾರಿಗೆ ಆಗ ಗೊತ್ತಾಯಿತು. ಯಾ ಅಲ್ಲಾ, ಇವನೂ ನನ್ನ ಹಾಗೆ ಹೆದರಿ ಉಡುಗೆ ಬದಲಿಸಿದವನೇ! ಮೊಣಕಾಲುದ್ದ ನೀರಿಗೆ ಓಡಿ ಕೂಗಿದ: "ಸಲಾಂ ಕಾಕಾ! ಒಬ್ಬರೇ ಹೋಗಬೇಡಿ, ವಾಪಸ್ ಬನ್ನಿ! ನಾನೂ ನಿಮ್ಮವನೇ!"

ರೈತ ತಿರುಗಿ ನೋಡಿದ. ಅವನಿಗೆ ಕಂಡದ್ದು ಲುಂಗಿ ಬಲಕ್ಕೆ ಸಿಕ್ಕಿಸಿ ನೀರಿನಲ್ಲಿ ಬೀಳುತ್ತಾ ಏಳುತ್ತಾ ತನ್ನತ್ತ ಬರುವ ಒಬ್ಬ ಗಂಡಸು. ಸಲಾಂ ಹೇಳಿ ಮೋಸ ಮಾಡಲು ಬಂದನೆಂದು ಇನ್ನಷ್ಟು ಜೋರಾಗಿ ಹುಟ್ಟು ಹಾಕಿದ. ನೀರು ಮೊಗೆಯಲು ಕೈ ಬಿಡುವಾಗಲಿಲ್ಲ. ನಡುಹೊಳೆಯಲ್ಲಿ ದೋಣಿ ಮುಳುಗಿತು. ರೈತ ಮೇಲೆ ಬರಲಿಲ್ಲ.

ಮಯ್ಯದ್ದಿಗೆ ತಡೆಯಲಾಗಲಿಲ್ಲ. "ಛೇ ಉಸ್ತಾದರೇ, ನಮ್ಮವನು ಅಂತ ಮೊದಲೇ ಗೊತ್ತಾಗಿದ್ದರೆ ವ್ಯಾಪಾರಿ ಜೊತೆಗೆ ಹತ್ತುತ್ತಿದ್ದ. ಪಾಪ, ಮುದುಕ ಬದುಕುತ್ತಿದ್ದ" ಎಂದ.

ಉಸ್ತಾದರು ಅವನ ಕೈಯಿಂದ ಟೋಪಿ ತೆಗೆದುಕೊಂಡು ಪಕ್ಕಕ್ಕಿಟ್ಟರು.

"ಅವನು ನಿಜವಾಗಿಯೂ ಬಲಕ್ಕೆ ಉಡುವವನೇ ಆಗಿದ್ದರೆ, ಮುಳುಗಲಿ ಅಂತ ಬಿಡಬಹುದಿತ್ತೋ ಮಯ್ಯದ್ದಿ?"