ನೀಲಿ ಬಟ್ಟೆ ಮೊದಲು ಹಸಿರಾಗಿರುವುದೇಕೆ

ಭೂಮಿ ಆಗಷ್ಟೇ ಕಣ್ಣು ಬಿಟ್ಟಿದ್ದ ಕಾಲ. ನೀಲಿ ಬಣ್ಣವೆಲ್ಲ ಆಕಾಶದ ಹತ್ತಿರವೇ ಇತ್ತು. ಆಕಾಶ ಅದನ್ನು ಮೇಲೆ ಹೊತ್ತೊಯ್ಯುವಾಗ ಒಂದು ಚೂರು ಜಾರಿ, ಜಪಾನಿನ ಒಂದು ಹೊಳೆಯ ದಂಡೆಯಲ್ಲಿ ಬಿತ್ತು. ಅಲ್ಲಿದ್ದ ಪುಟ್ಟ ಗಿಡವೊಂದು ಅದನ್ನು ಎಲೆಯೊಳಗೆ ಬಚ್ಚಿಟ್ಟುಕೊಂಡಿತು. ಮೇಲೆ ಹಸಿರು ಹೊದ್ದು, ಏನೂ ಅರಿಯದ ಹಾಗೆ ನಿಂತುಬಿಟ್ಟಿತು. ಶುದ್ಧ ಕಳ್ಳಗಿಡ.

ಅಂದಿನಿಂದ ಗಾಳಿ ದಿನಾ ಬಂದು ಕೇಳುತ್ತಿತ್ತು, "ಆ ನೀಲಿ ಎಲ್ಲಿ? ಆ ನೀಲಿ ಯಾರ ಹತ್ತಿರ ಇದೆ?" ಕಸಿದುಕೊಂಡು ಹೋಗಲು ಬಂದಿದೆ ಎಂದುಕೊಂಡು ಗಿಡ ಗಡಗಡ ನಡುಗುತ್ತಿತ್ತು. ಬಾಯಿ ಮಾತ್ರ ಬಿಡುತ್ತಿರಲಿಲ್ಲ.

ಅದೇ ದಂಡೆಯಲ್ಲಿ ಕಿನು ಅಜ್ಜಿಯ ಮನೆ. ಮರದ ತೊಗಟೆ ಸುಲಿದು, ನಾರು ತೆಗೆದು ಬಟ್ಟೆ ನೇಯುವುದು ಅವಳ ಕೆಲಸ. ಒಂದು ವರ್ಷ ಸಾಯೊ ಎಂಬ ಅವಳ ಮೊಮ್ಮಗಳು ಜ್ವರ ಬಂದು ಹಾಸಿಗೆ ಹಿಡಿದಳು. ಥಂಡಿ ತಾಗಬಾರದೆಂದು ಅಜ್ಜಿ ಕಿಟಕಿಯ ಸಂದಿಗೆಲ್ಲ ಹುಲ್ಲು ತುರುಕಿದಳು. ಹುಡುಗಿ ಆಕಾಶ ಕಂಡು ಎರಡು ತಿಂಗಳಾಯಿತು. ಗಂಜಿ ತಂದರೆ ಮುಖ ತಿರುಗಿಸುವಳು. ಸೊರಗಿ ಸೊರಗಿ ಕಡ್ಡಿಯಾದಳು.

"ಆಕಾಶ ತಂದುಕೊಡು ಅಜ್ಜಿ. ಆಮೇಲೆ ಕುಡೀತೀನಿ."

ಅಜ್ಜಿ ಹೊಳೆಯ ಹತ್ತಿರ ಹೋಗಿ, ಒಂದು ಚೂರು ಆಕಾಶ ಕೊಡೆಂದು ಅತ್ತಳು.

"ನನ್ನಲ್ಲಿರೋದು ಬರೀ ನೆರಳು, ತಾಯಿ" ಎಂದಿತು ಹೊಳೆ.

ಅದನ್ನು ಕೇಳಿ ಗಿಡಕ್ಕೆ ತಡೆಯಲಾಗಲಿಲ್ಲ. "ನನ್ನ ಎಲೆ ಕೊಯ್ದುಕೋ ಅಜ್ಜಿ. ಅದರೊಳಗೆ ನೀಲಿ ಇದೆ. ಆದರೆ ಗಾಳಿಗೆ ಗೊತ್ತಾಗಬಾರದು."

ಕಿನು ಎಲೆ ಕೊಳೆಹಾಕಿದಳು. ಬೂದಿನೀರಿನ ಗುಡಾಣದಲ್ಲಿ ಕಲಸಿ, ಹುದುಗು ಬರಲೆಂದು ಅದಕ್ಕೆ ಗೋಧಿ ತೌಡು ಉಣಿಸಿ, ಬೆಚ್ಚಗಿರಲೆಂದು ಮೊಮ್ಮಗಳ ಹಾಸಿಗೆಯ ಪಕ್ಕವೇ ಇಟ್ಟುಕೊಂಡಳು. ಬಣ್ಣ ಹಣ್ಣಾದ ದಿನ, ಒಂದು ಗುಳ್ಳೆಯೂ ಏಳದಂತೆ ಬಟ್ಟೆ ಅದ್ದಿದಳು. ಬಾಗಿಲು ಭದ್ರ. ಒಂದೆಳೆ ಗಾಳಿ ಇಲ್ಲ. ಮೆಲ್ಲಗೆ ಎತ್ತಿದಳು.

ಬಟ್ಟೆ ಹಸಿರಾಗಿತ್ತು.

"ಇದು ಹುಲ್ಲು, ಅಜ್ಜಿ" ಎಂದು ಸಾಯೊ ಗೋಡೆಯತ್ತ ಹೊರಳಿದಳು.

ಬಣ್ಣ ಇನ್ನೂ ಗಾಳಿಗೆ ಹೆದರಿಕೊಂಡು ಒಳಗೇ ಕೂತಿದೆ ಎಂದು ಕಿನುವಿಗೆ ಹೊಳೆಯಿತು. ಇನ್ನು ಬಚ್ಚಿಡುವುದೇನು ಬಂತು? ಬಟ್ಟೆ ಹಿಡಿದು ನೇರ ಅಂಗಳಕ್ಕೆ ಬಂದಳು.

"ಗಾಳಿಯಪ್ಪಾ, ನೀನು ಹುಡುಕುತ್ತಿದ್ದ ನೀಲಿ ಇದರಲ್ಲಿದೆ. ಸಿಟ್ಟಿದ್ದರೆ ನನ್ನ ಮೇಲೆ ತೀರಿಸಿಕೋ. ನನ್ನ ಮಗು ಒಂದು ಸಲ ನೋಡಲಿ, ಆಮೇಲೆ ತಗೊಂಡು ಹೋಗು."

"ತಗೊಂಡು ಹೋಗೋದಾ?" ಗಾಳಿ ನಕ್ಕುಬಿಟ್ಟಿತು. "ಎತ್ತಿಕೊಂಡವರೇ ಇಟ್ಟುಕೊಳ್ಳಲಿ ಅಂತ ಆಕಾಶ ಹೇಳಿಕಳಿಸಿ ಎಷ್ಟು ಕಾಲವಾಯಿತು ಅಜ್ಜಿ. ಹೇಳೋಣ ಅಂತ ದಿನಾ ಬರ್ತೀನಿ. ಈ ಪುಕ್ಕಲು ಗಿಡ ಕೇಳಿಸಿಕೊಂಡರೆ ತಾನೆ!"

ಬಟ್ಟೆಯೊಳಗಿದ್ದ ಬಣ್ಣ ಅದನ್ನು ಕೇಳಿಸಿಕೊಂಡಿತು. ಮೊದಲು ಅಂಚು, ಆಮೇಲೆ ನಡು, ಹಸಿರೆಲ್ಲ ಹಿಂದೆ ಸರಿದು ನೀಲಿ ಹೊರಗೆ ಬಂತು. ಕಿನುವಿಗೆ ಹೋದ ಜೀವ ಬಂದಂತಾಯಿತು. ಅಲ್ಲೇ ಅಂಗಳದಲ್ಲಿ ಕೂತು ಅತ್ತಳು, ನಕ್ಕಳು, ಮತ್ತೆ ಅತ್ತಳು.

ಅಜ್ಜಿ ಒಳಗೆ ತಂದ ಬಟ್ಟೆಯನ್ನು ಸಾಯೊ ತಲೆಯ ಮೇಲೆ ಎಳೆದುಕೊಂಡಳು. ಆಮೇಲೆ ಒಳಗಿನಿಂದ ದನಿ ಬಂತು: "ಅಜ್ಜಿ, ಗಂಜಿ."

ಇವತ್ತಿಗೂ ಜಪಾನಿನಲ್ಲಿ ಆ ಗಿಡದ ಎಲೆಯಿಂದ ಬಣ್ಣ ಹಾಕುವವರು ಗುಡಾಣದಿಂದ ಬಟ್ಟೆ ಎತ್ತಿದಾಗ ಅದು ಹಸಿರಾಗಿಯೇ ಬರುತ್ತದೆ ಮಗು. ಗಾಳಿ ಬಂದು "ನಿನ್ನದೇ, ಇಟ್ಟುಕೋ" ಅಂದಮೇಲೇ ಅದು ನೀಲಿಯಾಗುವುದು.