ಮಾರಾಟಕ್ಕಿಟ್ಟ ಗ್ರೈಂಡರ್

ನಾಲ್ಕು ವರ್ಷದಿಂದ ಮಂಚದಡಿ ಮಲಗಿದ್ದ ಗ್ರೈಂಡರಿನ ಫೋಟೋವನ್ನು ಪಂಕಜಾಕ್ಷಿ ಮೊಬೈಲಿನಲ್ಲಿ ಮಾರಾಟಕ್ಕೆ ಹಾಕಿದಳು. "ನಾಳೆ ಬರ್ತೀವಿ, ಓಡಿಸಿ ತೋರಿಸ್ಬೇಕು" ಎಂದವರಿಗಾಗಿ ಅಕ್ಕಿ, ಉದ್ದು ನೆನೆಹಾಕಿದಳು. ಯಾರೂ ಬರಲಿಲ್ಲ. ನೆನೆದದ್ದನ್ನು ಬಿಸಾಡಲಾದೀತೇ? ರುಬ್ಬಿದಳು. ಹೀಗೇ ಆರು ಸಲವಾಯಿತು.

"ಏನಜ್ಜಾ, ಇನ್ನೂ ಹೊರಟಿಲ್ವಾ?" ಮಿಕ್ಸಿ ಕೆಣಕಿತು.

"ಬೇಡವಾಗಿದ್ದಾಗ ನಿದ್ದೆಯಾದರೂ ಇತ್ತು ಕಣೋ. ಯಾರಾದರೂ ಒಯ್ದು ಮೂಲೆಗೆ ಹಾಕಿದರೆ ಸಾಕು" ಎಂದಿತು ಗ್ರೈಂಡರ್.

ಏಳನೆಯ ಸಲ ಒಬ್ಬಾಕೆ ನಿಜವಾಗಿಯೂ ಬಂದಳು. ಗ್ರೈಂಡರ್ ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ತಿರುಗಿತು. ಆಕೆ ಹಿಟ್ಟನ್ನು ಬೆರಳಲ್ಲಿ ಮುಟ್ಟಿ, "ಬೆಣ್ಣೆ ಕಣ್ರೀ! ಇಷ್ಟು ಭಾರದ್ದನ್ನ ನಾನೆಲ್ಲಿಡಲಿ? ಹಿಟ್ಟೇ ಕೊಡಿ, ವಾರವಾರ ಬರ್ತೀನಿ" ಎಂದಳು.

ಅಂದೇ ಪಂಕಜಾಕ್ಷಿ ಗ್ರೈಂಡರಿನ ಫೋಟೋ ಅಳಿಸಿ ಹಿಟ್ಟಿನ ಫೋಟೋ ಹಾಕಿದಳು. ಮೈಬಿಸಿ ಇನ್ನೂ ಆರದ ಗ್ರೈಂಡರಿನ ಪಕ್ಕದಲ್ಲೇ ನಾಳೆಯ ಅಕ್ಕಿ ನೆನೆಯತೊಡಗಿತು.